ಅಕ್ಕನ ಶಿಳ್ಳೆ

ಮಾರ್ಚ್ 4, ಬೆಳಿಗ್ಗೆ

ಇಂಗ್ಲಿಷ್-ಕನ್ನಡ ನಿಘಂಟು ಕಚೇರಿ. ಮತ್ತೆ ಅದೇ ಕಾರ್ಡು — ಬ್ರವಾಡೋ. ನಿನ್ನೆ ಬರೆದಿದ್ದ ಅರ್ಥ: "ಒಳಗೆ ಪುಕ್ಕಲು, ಹೊರಗೆ ಪೌರುಷ." ಸಂಪಾದಕರು ಕನ್ನಡಕ ಹಣೆಗೇರಿಸಿ ಓದಿದರು. ಇದು ಅರ್ಥವಲ್ಲ, ಬೈಗುಳ ಅಂತ ವಾಪಸ್ ಕೊಟ್ಟರು. ಪ್ರಯೋಗಕ್ಕೊಂದು ವಾಕ್ಯವೂ ಬೇಕಂತೆ, ಜೀವಂತ ಮನುಷ್ಯರು ಇರುವಂಥದ್ದು. ಬೇರೆ ನಿಘಂಟಿನಿಂದ ಎತ್ತುವ ಹಾಗಿಲ್ಲ. ಹದ್ದಿನ ಕಣ್ಣು ಮುದುಕರದು.

ಸಂಜೆ

ಜೀವಂತ ಮನುಷ್ಯರಿಗೇನು ಬರ? ಮನೆಯಲ್ಲೇ ಒಬ್ಬಳಿದ್ದಾಳೆ. ಅಕ್ಕ. ಎತ್ತರದ ಕಟ್ಟಡಗಳ ಗಾಜು ಒರೆಸುವವಳು, ಹಗ್ಗದಲ್ಲಿ ನೇತಾಡಿಕೊಂಡು. ಇಳಿಯುವ ಮುಂಚೆ ತಾರಸಿಯ ಅಂಚಲ್ಲಿ ಕೂತು, ಕಾಲು ಹೊರಗೆ ಬಿಟ್ಟು, ಪುಟ್ಟ ಕನ್ನಡಿ ಹಿಡಿದು ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಾಳಂತೆ. ಆಮೇಲೊಂದು ಶಿಳ್ಳೆಯಂತೆ. ಅಲ್ಲ, ಅಷ್ಟು ಎತ್ತರದಲ್ಲಿ ಆ ತುಟಿ ಯಾರಿಗೆ ಕಾಣಬೇಕು?

ಚಳಿಗಾಲದಲ್ಲಿ ಗಾಳಿ ಅವಳನ್ನು ಎತ್ತಿ ಗೋಡೆಗೆ ಬಡಿಯಿತು. ಭುಜದ ಮೂಳೆ ಮುರಿಯಿತು. ಅವತ್ತಿನಿಂದ ಅವಳ ತಂಡದ ಇಬ್ಬರೂ ಹಗ್ಗ ಮುಟ್ಟಿಲ್ಲ. ಈಗ ಸೋಮವಾರ ಮತ್ತೆ ಇಳೀತೀನಿ ಅಂತಿದ್ದಾಳೆ. ಬೇಡ ಅಂದೆ. "ಹೋಗೇ, ನಿನ್ನ ಕಾರ್ಡ್ ನೀನ್ ನೋಡ್ಕೋ" ಅಂದಳು. ಜಂಭದ ಮೂಳೆ ಮಾತ್ರ ಗಟ್ಟಿ ಇದೆ.

ಮಾರ್ಚ್ 5

ಮಾನ ಹೋಯಿತು. ನಿನ್ನೆ ಸಿಟ್ಟಲ್ಲಿ ಪ್ರಯೋಗದ ಜಾಗದಲ್ಲಿ "ನೋಡಿ: ಅಕ್ಕ" ಅಂತ ಗೀಚಿದ್ದೆ. ಅಳಿಸಲು ಮರೆತೆ, ಕಾರ್ಡು ಹಾಗೇ ಸಂಪಾದಕರ ಮೇಜಿಗೆ ಹೋಯಿತು. ನಮ್ಮಲ್ಲಿ "ನೋಡಿ" ಅಂದರೆ ಆ ಪದ ತೆಗೆದು ನೋಡಲೇಬೇಕು. ಸಂಪಾದಕರು ಬೆಳಿಗ್ಗೆಯೆಲ್ಲ ಇಂಗ್ಲಿಷ್ ಎ ಅಕ್ಷರದ ಕಾರ್ಡುಗಳ ಡ್ರಾಯರ್ ಜಾಲಾಡಿದ್ದಾರೆ. "ಅಕ್ಕ ಅನ್ನೋದು ಯಾವ ಇಂಗ್ಲಿಷ್ ಪದ ಅಮ್ಮಾ?"

ಎಲ್ಲ ಹೇಳಿದೆ — ಹಗ್ಗ, ಲಿಪ್‌ಸ್ಟಿಕ್, ಭುಜ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ನೋಡಿ ಅಂತ ಬರ್ದಿದೀಯ. ನೀನ್ ನೋಡಿದೀಯಾ?"

ಇಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಹೋಗಿಲ್ಲ. ಬರೀ ಅಂತೆ, ಅಂತೆ... ಸೋಮವಾರ ರಜೆ ಹಾಕು ಅಂದರು.

ಮಾರ್ಚ್ 8, ಸೋಮವಾರ

ಹೋಗಿದ್ದೆ. ತಾರಸಿ. ಸಣ್ಣ ಗಾಳಿ. ತಂಡದ ಇಬ್ಬರು, ಒಬ್ಬ ದಪ್ಪ ಮೀಸೆಯವನು, ಒಬ್ಬಳು ಚಳಿಗಾಲಕ್ಕೆ ಮುಂಚೆಯಷ್ಟೇ ಸೇರಿದ ಹೊಸಬಳು, ಹಗ್ಗದ ಗಂಟನ್ನೇ ಮತ್ತೆ ಮತ್ತೆ ಜಗ್ಗಿ ನೋಡುತ್ತಿದ್ದರು. ಅಂಚಿನ ಹತ್ತಿರ ಬರುತ್ತಿಲ್ಲ. ಅಕ್ಕ ಸೀದಾ ಹೋಗಿ ಕೂತಳು, ಕಾಲು ಹೊರಗೆ. ನನ್ನನ್ನು ಹತ್ತಿರ ಕರೆದು ಕನ್ನಡಿ ಹಿಡ್ಕೋ ಅಂದಳು. ಆಗ ಕಂಡಿತು. ಕೈ ನಡುಗುತ್ತಿದೆ. ಲಿಪ್‌ಸ್ಟಿಕ್ ತುಟಿ ದಾಟಿ ಗಲ್ಲದವರೆಗೆ ಗೆರೆ ಎಳೆಯಿತು. ನನ್ನ ಬೆರಳಲ್ಲಿ ಒರೆಸಿದೆ.

"ಹೆದರಿಕೆ ಆಗ್ತಿದ್ಯಾ ಅಕ್ಕಾ?"

"ದಿನಾ ಆಗುತ್ತೆ. ಮೆಲ್ಲಗೆ ಮಾತಾಡು. ಅವರಿಗೆ ಕೇಳ್ಸುತ್ತೆ."

ಹಿಂದೆ ತಿರುಗಿ, ಹೇಗಿದ್ದೀನಿ ಅಂತ ಅವರನ್ನು ಕೇಳಿದಳು. ಫೋಟೋ ತೆಗೆಸಿಕೊಳ್ಳಲು ಹೊರಟ ಹಾಗಿದ್ದೀಯ ಅಂದ ಮೀಸೆಯವನು. ಹೊಸಬಳು ನಕ್ಕಳು. ಶಿಳ್ಳೆ ಮೊದಲ ಸಲ ಬರೀ ಗಾಳಿಯಾಗಿ ಹೋಯಿತು. ಎರಡನೇ ಸಲ ಹೊಡೆದಳು ನೋಡಿ — ಬೀದಿಯಲ್ಲಿ ಹೋಗುವವರೂ ತಲೆ ಎತ್ತಿದರು. ಇಳಿದಳು. ಅವಳ ಹಿಂದೆ ಮೀಸೆ. ಅವನ ಹಿಂದೆ ಹೊಸಬಳು.

ಆ ತುಟಿ ಯಾರಿಗೆ ಕಾಣಬೇಕಿತ್ತು ಅಂತ ಈಗ ಗೊತ್ತಾಯಿತು. ಎಂಥ ಹೆಮ್ಮೆ ಅಂದರೆ ಅಳುವೇ ಬಂತು. ಖಾಲಿ ತಾರಸಿಯಲ್ಲಿ ಕನ್ನಡಿ ಹಿಡಿದುಕೊಂಡು ಅತ್ತೆ.

ಮಾರ್ಚ್ 9, ಬೆಳಿಗ್ಗೆ

ಅರ್ಥ ತಿದ್ದಿದೆ: "ಇತರರಿಗೆ ಧೈರ್ಯ ತುಂಬಲು ತೋರುವ ಕೆಚ್ಚು." ಸಂಪಾದಕರು ಅದನ್ನೂ ಹೊಡೆದುಹಾಕಿದರು.

"ಪ್ರೀತಿಗೋಸ್ಕರ ಅರ್ಥ ತಿದ್ದಬಾರದಮ್ಮಾ. ಬರೀ ಜಂಭದೋರೂ ಇದಾರೆ, ಅವರಿಗೂ ಈ ಪದ ಬೇಕು. ಪ್ರಯೋಗ ಬೇಕಾದ್ರೆ ನಿಂದು."

ಸರಿ ಅನ್ನಿಸಿತು. ಕೊನೆಗೆ ನಿಂತದ್ದು: "ಧೈರ್ಯದ ಪ್ರದರ್ಶನ, ಅನೇಕ ಸಲ ಭಯವನ್ನು ಮರೆಮಾಡಲು." ಬೈಗುಳ ಇಲ್ಲ, ಹೊಗಳಿಕೆ ಇಲ್ಲ. ಇನ್ನು ಪ್ರಯೋಗ. ನಡುಗುವ ಕೈಯಲ್ಲೇ ತುಟಿಗೆ ಬಣ್ಣ ಹಚ್ಚಿಕೊಂಡು ಅವಳು —

ತಡೆ, ಫೋನು. ಅಕ್ಕ. ಇವತ್ತಿನ ಕಟ್ಟಡ ನಿನ್ನೆಯದಕ್ಕಿಂತ ಎತ್ತರವಂತೆ. ಕನ್ನಡಿ ಹಿಡಿಯಲು ಬರ್ತೀಯಾ ಅಂತ ಕೇಳ್ತಿದ್ದಾಳೆ. ಯಾವತ್ತೂ ಯಾರನ್ನೂ ಏನೂ ಕೇಳದ ಅಕ್ಕ! ಕಾರ್ಡು ಆಮೇಲೆ ಬರೆದರಾಯಿತು, ಈಗ