ಅಟ್ಟದ ಮೇಲಿನ ಗುಡುಗುಡು

ಫೆಬ್ರವರಿ 4, 2025. ಮಂಗಳವಾರ, ಬೆಳಿಗ್ಗೆ 11.30
ಲೈಬ್ರರಿ ಬಾಗಿಲು ತೆಗೆದೆ. ಪೇಪರ್ ಮೂರು, ಓದುಗರು ಇಬ್ಬರು. ಅದರಲ್ಲಿ ಒಬ್ಬರಿಗೆ ನಿದ್ದೆ. ಈಗ ತಾನೇ ತಲೆ ಮೇಲೆ, ಅಟ್ಟದಲ್ಲಿ, ಮತ್ತೆ ಆ ಸದ್ದು. ನಿದ್ದೆಯವರು ಎದ್ದು ಓಡಿದರು.

ಮೇಲೆ ಗುಡುಗುಡು, ಕೆಳಗೆ ದಡಬಡ;
ಉಳಿದ ಚಪ್ಪಲಿ ಒಂದೇ, ಅದೂ ಎಡ.

ಫೆಬ್ರವರಿ 6
ಪಂಚಾಯ್ತಿ ಅಧ್ಯಕ್ಷ ಕರಿಸಿದ್ದಪ್ಪನವರು ಎಂಜಿನಿಯರ್ ರಿಪೋರ್ಟಿನ ಕಾಪಿ ಕೊಟ್ಟು ಹೋದರು. "ಕಟ್ಟಡ ಶಿಥಿಲ. ಅಟ್ಟವು ಒಂದು ಕ್ವಿಂಟಾಲ್ ಭಾರವನ್ನೂ ತಾಳದು. ಬಿರುಕು ಬಿಡುವ ಸದ್ದು ಕೇಳಿಬರುತ್ತದೆ." ಮಾರ್ಚ್ ಒಂದಕ್ಕೆ ಜೆಸಿಬಿ. ಈ ಜಾಗದಲ್ಲಿ ಹನ್ನೆರಡು ಮಳಿಗೆಯ ಕಾಂಪ್ಲೆಕ್ಸ್.
"ಲೈಬ್ರರಿ?" ಅಂದೆ.
"ಬಸ್‌ಸ್ಟ್ಯಾಂಡ್ ಪಕ್ಕ ಒಂದ್ ರೂಮ್ ನೋಡಾಣ ಬುಡಿ ಮೇಡಂ. ಪುಸ್ತಕಕ್ಕೇನು, ಎಲ್ಲಿದ್ರೂ ಧೂಳೇ ತಾನೆ."

ದೊರೆಗಳ ಕಾಲದಲ್ಲಿ ಕಂದಾಯ ಕಟ್ಟಿಸಿಕೊಳ್ಳುತ್ತಿದ್ದ ಚಾವಡಿ ಇದು. ಹದಿನಾರು ಹಲಸಿನ ಕಂಬ. ಮೂರನೆಯದರಲ್ಲಿ ಕೆತ್ತಿದ ಗಿಣಿಯ ಮೇಲೆ ನನ್ನ ಬೆರಳಿಟ್ಟು ಅಪ್ಪ 'ಗ' ಕಲಿಸಿದ್ದು. ಈಗ ಅದರ ಬೆಲೆ ಒಂದು ಲೋಡ್ ಸೌದೆ.

ಸ್ಮಾರಕ ಎಂದು ಸಂರಕ್ಷಿಸಿ ಅಂತ ಪುರಾತತ್ವ ಇಲಾಖೆಗೆ ಹನ್ನೊಂದು ಪತ್ರ ಬರೆದಿದ್ದೆ. ಹನ್ನೊಂದನೆಯದಕ್ಕೆ ಇವತ್ತು ಉತ್ತರ! 20ರಂದು ಸಂಧ್ಯಾ ಎಂಬ ಅಧಿಕಾರಿ ಪರಿಶೀಲನೆಗೆ ಬರುತ್ತಾರಂತೆ. ಆದರೆ ಆ ಸದ್ದು... ಅವರೆದುರೇ ಗುಡುಗಿದರೆ?

ಫೆಬ್ರವರಿ 13
ಕಸ ಗುಡಿಸುವ ಪುಟ್ಟಗಂಗಮ್ಮನನ್ನು ಕೇಳಿದೆ: ಚಾವಡಿ ನಿಜವಾಗಿ ಬಿರಿಯುತ್ತಿದೆಯಾ?
"ಬಿರಿಯದಾ? ಇಲಿ ಕಣವ್ವ. ಕಾಯಿ ಉಳ್ಳಾಡುಸ್ತವೆ."
"ಯಾವ ಕಾಯಿ?"
"ಕರಿಸಿದ್ದಪ್ಪನ ತೆಂಗಿನಕಾಯಿ. ಕೊಬ್ಬರಿ ಆಗ್ಲಿ ಅಂತ ಅಟ್ಟದ ಮ್ಯಾಲೆ ಮಡಗವ್ನೆ. ಊರಿಗೆಲ್ಲ ಗೊತ್ತು, ನಿಂಗೊತ್ತಿಲ್ವಾ?"
ಗೊತ್ತಿಲ್ಲ. ಸೋಮವಾರ ಲೈಬ್ರರಿಗೆ ರಜೆ. ಅವತ್ತೇ ಹಿತ್ತಲ ಕಿಂಡಿಯಿಂದ ಏರಿಸುತ್ತಾರಂತೆ. ಹನ್ನೊಂದು ವರ್ಷ ತೆಂಗಿನಕಾಯಿಯ ಕೆಳಗೆ ಕೂತು "ನಿಶ್ಶಬ್ದ" ಅಂತ ಬೋರ್ಡ್ ಹಾಕಿದ್ದೇನೆ.

ಬೀಳುವ ಕಟ್ಟಡದಲ್ಲಿ ಯಾರಾದರೂ ತಮ್ಮ ಫಸಲು ಇಡುತ್ತಾರಾ? 20ರವರೆಗೆ ಬಾಯಿ ಬಿಡಬಾರದು. ಕಷ್ಟ.

ಫೆಬ್ರವರಿ 20. ಸಂಜೆ
ಇದು ಮೂರನೇ ಲೋಟ ಕಾಫಿ. ಖುಷಿಗೆ.

ಸಂಧ್ಯಾ ಮೇಡಂ ಬಂದರು. ಸಣ್ಣ ಆಳು, ದೊಡ್ಡ ಟಾರ್ಚ್. ಕಂಬ ತಟ್ಟಿದರು, ಗಿಣಿ ನೋಡಿದರು, ರಿಪೋರ್ಟ್ ಓದಿದರು. "ಅಟ್ಟ ತೆಗೀರಿ."
ಕರಿಸಿದ್ದಪ್ಪ: "ಕೀ ಕಳೆದು ಹತ್ತು ವರ್ಷ ಆಯ್ತು ಮೇಡಂ."
ಪುಟ್ಟಗಂಗಮ್ಮ ಪೊರಕೆ ಹಿಡಿದೇ ನಿಂತಿದ್ದಳು. "ನಿನ್ ಉಡ್ದಾರದಲ್ಲೇ ಐತಲ್ಲಪ್ಪ ಸಿದ್ದಪ್ಪ. ಹೋದ್ ಸೋಮಾರ ತಗ್ದಲ್ಲ?"
ಉಡಿದಾರದಿಂದ ಕೀ ಬಂತು.

ಬಾಗಿಲು ತೆಗೆದರೆ — ಗೋಡೆಯಿಂದ ಗೋಡೆಗೆ ಕಾಯಿ. ಸಂಧ್ಯಾ ಸಾಲು ಎಣಿಸಿದರು, ಫೋನಿನಲ್ಲಿ ಗುಣಿಸಿದರು. "ಎಂಟು ಸಾವಿರ. ಮುಕ್ಕಾಲು ಕೇಜಿ ಅಂದ್ರೂ ಆರು ಟನ್. ಒಂದು ಕ್ವಿಂಟಾಲ್ ತಾಳಲ್ಲ ಅಂತ ಬರೆದಿದೆಯಲ್ಲ ಸಾರ್?"
ಅಲ್ಲಿಗೆ ಕರಿಸಿದ್ದಪ್ಪನವರು ಸುಮ್ಮನಿದ್ದರೆ ಏನಾದರೂ ಸಬೂಬು ಹೇಳಿ ಪಾರಾಗುತ್ತಿದ್ದರೋ ಏನೋ. ಅವರು ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಲೊಡಲೊಡ ಅಂದಿತು. ಮುಖ ಅರಳಿಹೋಯಿತು.
"ಮೂವತ್ ವರ್ಷದಿಂದ ಇಡ್ತಾ ಇದೀನಿ ಮೇಡಂ, ಒಂದ್ ತೊಲೆ ಬಗ್ಗಿಲ್ಲ, ಒಂದ್ ಹನಿ ಸೋರಿಲ್ಲ! ಇಂಥ ಅಟ್ಟ ಗುಬ್ಬಿಲೂ ಇಲ್ಲ, ಕುಣಿಗಲ್ಲಲ್ಲೂ ಇಲ್ಲ!"
"ಇನ್ನೊಂದ್ಸಲ ಹೇಳಿ" ಅಂದರು ಸಂಧ್ಯಾ. ಹಾಗೇ ಬರೆದುಕೊಂಡರು. ಸಹಿಗೆ ಪೆನ್ನು ಕೊಟ್ಟವಳು ನಾನು.

ಮಾರ್ಚ್ 1
ಜೆಸಿಬಿ ಬರಲಿಲ್ಲ. ಟ್ರಾಕ್ಟರ್ ಬಂತು, ಕಾಯಿ ಇಳಿಸಲು.

ಇಳಿಯಿತು ಕಾಯಿ, ಉಳಿಯಿತು ಚಾವಡಿ;
ಇಲಿಗಳೇ, ಇನ್ನು ನೀವೂ ಪೇಪರ್ ಓದಿ.

ಸೆಪ್ಟೆಂಬರ್ 23. ಬೆಳಿಗ್ಗೆ 9.40
ಆದೇಶ ಕೈಗೆ ಬಂತು. ಸಂರಕ್ಷಿತ ಸ್ಮಾರಕ! ನಾಲ್ಕು ಸಲ ಓದಿದೆ, ಒಂದು ಸಲ ಗಿಣಿಗೆ ಕೇಳುವಂತೆ.

ನೀಲಿ ಬೋರ್ಡೂ ಬಂದಿದೆ, ನೆಲದಲ್ಲಿ ನೆಡಲು ಕಬ್ಬಿಣದ ಕಂಬದ ಸಮೇತ. ಹತ್ತು ಗಂಟೆಗೆ ಸಮಾರಂಭ. ಅಧ್ಯಕ್ಷತೆ ಕರಿಸಿದ್ದಪ್ಪನವರದು. "ಮೂವತ್ ವರ್ಷ ಇದನ್ನ ಕಾಪಾಡಿದ್ದೇ ನಾನು" ಎಂದು ಈಗಾಗಲೇ ಇಬ್ಬರಿಗೆ ಹೇಳಿದರು. ಹೇಳಲಿ. ಅರ್ಧ ನಿಜವೇ. ನನ್ನಿಂದ ನಾಲ್ಕು ಸಾಲಿನ ಪದ್ಯ ಬೇಕಂತೆ. ಮೂರಾಯಿತು:

ಬಿರುಕು ಎಂದರು, ಬೀಳ್ವುದೆಂದರು,
ಜೆಸಿಬಿ ಹೇಳಿ ಕೆಡವಲು ನಿಂದರು;
ಆರು ಟನ್ ಹೊತ್ತು ನಕ್ಕಿತು ಕಂಬ —

ಕೊನೆಗೆ 'ಜಂಬ' ಹಾಕಿದರೆ ಅಧ್ಯಕ್ಷರಿಗೆ ಬೇಜಾರಾದೀತಾ? ಹಾಕಿಯೇಬಿಡುವ...

ಹೊರಗೆ ಅವರದೇ ಗಂಟಲು: "ಮೇಡಂ, ಕಂಬ ಗಿಂಬ ಯಾಕೆ? ಗೋಡೆಗೇ ಹೊಡ್ದುಬುಡ್ತೀನಿ, ಗಟ್ಟಿ ಇರ್ತದೆ!"
ಬೋರ್ಡಿನ ಮೊದಲನೇ ಸಾಲೇ, ಗೋಡೆಗೆ ಮೊಳೆ ಹೊಡೆಯುವುದು ಅಪರಾಧ ಎಂದು. ಸುತ್ತಿಗೆ ಯಾರು ಕೊಟ್ಟರು ಇವರಿ—