ಕುಣಿಯನ್ನು ಕಚೇರಿಗೆ ತರುವುದು ಹೇಗೆ?

ಸಂಸ್ಥಾನದ ಪತ್ತಿನ ಸಂಘಗಳ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನನ್ನ ಬಡ್ಡಿ ವ್ಯಾಪಾರ ಮುಳುಗಿಸುವುದಾಗಿ ಮಾತು ಕೊಟ್ಟು ತಾವು ತಪ್ಪಿದ್ದೀರಿ ಎಂಬುದೇ ನನ್ನ ದೂರು. ನಾನು ಬನಹಟ್ಟಿಯಲ್ಲಿ ನೂಲು ಮಾರುವವನು, ಜೊತೆಗೆ ನೇಕಾರರಿಗೆ ಸಾಲ ಕೊಡುವವನು. ಹೋದ ವರ್ಷ ತಾವು ನಮ್ಮೂರಿನಲ್ಲಿ ಸಂಘದ ಕಚೇರಿ ತೆರೆದು, ಇನ್ನು ಬಡವರು ಸಾವುಕಾರನ ಕಟ್ಟೆ ಹತ್ತಬೇಕಿಲ್ಲ ಎಂದು ಭಾಷಣ ಮಾಡಿದಿರಿ. ಹಿಂದೆ ಕೂತು ನಾನೂ ಚಪ್ಪಾಳೆ ತಟ್ಟಿದೆ, ಒಳಗೊಳಗೇ ಹೆದರಿದೆ. ಅಷ್ಟು ಹೆದರಬೇಕಾಗಿರಲಿಲ್ಲ. ತಮ್ಮ ಕಚೇರಿಯ ಮೆಟ್ಟಿಲು ಇಳಿದವರೆಲ್ಲ ನೆಟ್ಟಗೆ ನನ್ನ ಅಂಗಡಿಗೇ ಬರುತ್ತಿದ್ದಾರೆ.

ನಮ್ಮ ಓಣಿಯ ಮುತ್ತವ್ವನ ಸಂಗತಿಯನ್ನೇ ಕೇಳಿ. ಆಕೆ ನನ್ನಿಂದ ನೂಲು ಒಯ್ದು, ಸೀರೆ ನೇಯ್ದು ನನಗೇ ಕೊಟ್ಟು ಕೂಲಿ ಪಡೆಯುವವಳು. ಈ ಸಲ ಲಗ್ನದ ದಿನಗಳಿಗೆ ಮುಂಚೆ ಸಂಘದ ಸಾಲ ತೆಗೆದು, ನನ್ನಿಂದ ನೂಲನ್ನು ನಗದಿಗೆ ಕೊಂಡು, ಸೀರೆಯನ್ನು ತಾನೇ ಜಮಖಂಡಿ ಪೇಟೆಯಲ್ಲಿ ಮಾರುವ ಆಸೆ ಆಕೆಗೆ. ನಗದು ಕೊಡುವ ಗಿರಾಕಿಯ ಮುಖ ನೋಡದೆ ನನಗೂ ಎಷ್ಟೋ ಕಾಲವಾಗಿತ್ತು. "ಹೋಗಿ ಬಾ ಮುತ್ತವ್ವಾ" ಎಂದು ನಾನೇ ಕಳಿಸಿದೆ.

ತಮ್ಮ ಕಾರಕೂನರು ಕೇಳಿದರಂತೆ: "ಅಡವು ಏನ್ ಇಡ್ತಿ ಬೇ?"

"ಮಗ್ಗ ಐತ್ರಿ."

"ಅಡವಿನ ಸಾಮಾನ ಕಚೇರಿಗಿ ತಂದು ತೋರಸ್ಬೇಕು. ಕಾಯ್ದೆ ಐತಿ."

ನಮ್ಮೂರಿನ ಮಗ್ಗ ನೆಲದಲ್ಲಿ ತೋಡಿದ ಕುಣಿಯ ಮೇಲೆ ನಿಲ್ಲುತ್ತದೆ. ನೇಯುವವರು ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಸರಕಾರದ ಮಾತೆಂದರೆ ಮಾತು ಎಂದು ನಂಬಿದ ಮುತ್ತವ್ವ ಅರ್ಧ ನೇಯ್ದ ಸೀರೆಯ ಹಾಸುನೂಲನ್ನು ಕತ್ತರಿಸಿ, ಮಗ್ಗ ಬಿಚ್ಚಿ, ಚಕ್ಕಡಿಯಲ್ಲಿ ಹೇರಿಕೊಂಡು ಹೋದಳು. (ಆ ನೂಲು ನನ್ನದು. ಇರಲಿ.) ಕಾರಕೂನರು ಹೊರಗೆ ಬಂದು ನೋಡಿದರು.

"ಇವು ಬರೇ ಕಟ್ಟಿಗಿ. ಮಗ್ಗ ಎಲ್ಲೈತಿ?"

"ಉಳಿದದ್ದು ಕುಣಿರೀ ಸಾಹೇಬ್ರ. ಅದನ್ನ ಹ್ಯಾಂಗ ತರಲಿ?"

ಅಡವಿನ ವಸ್ತು ಅಪೂರ್ಣ ಎಂದು ಬರೆದು ಅರ್ಜಿಯನ್ನು ತಿರುಗಿಸಿದರು. ಒಪ್ಪಿದೆ, ಅಪೂರ್ಣವೇ. ಆದರೆ ಕುಣಿಯೂ ಬಂದಿದ್ದರೆ ಅದನ್ನು ಯಾವ ಕಪಾಟಿನಲ್ಲಿ ಇಡುತ್ತಿದ್ದಿರಿ, ಮಾನ್ಯರೇ? ಬೀಗ ಹಾಕುತ್ತಿದ್ದಿರಾ, ಇಲ್ಲವೇ ಪಹರೆ ಕೂರಿಸುತ್ತಿದ್ದಿರಾ? ಆ ದಿನದಿಂದ ಆಕೆಯ ಮನೆಯಲ್ಲಿ ಮಗ್ಗದ ಸದ್ದಿಲ್ಲ. ಬೆಳಗಾದರೆ ಆ ಸದ್ದಿಗೇ ಏಳುತ್ತಿದ್ದ ನನಗೆ ನಿಜಕ್ಕೂ ಸಂಕಟವಾಗಿದೆ.

ಈಗ ಆಕೆ ಬರುವ ಸೋಮವಾರ ಅದೇ ಮಗ್ಗವನ್ನು ಅಡವಿಡಲು ನನ್ನ ಬಳಿ ಬರುತ್ತಾಳೆ. ನಾನು ತಮ್ಮಷ್ಟು ಕಟ್ಟುನಿಟ್ಟಿನವನಲ್ಲ, ಕುಣಿ ಕೇಳುವುದಿಲ್ಲ. ಬಡ್ಡಿ ಇಳಿಸಬಾರದೇ ಎನ್ನುತ್ತೀರಾ? ನನಗೆ ಸಾಲ ಕೊಡುವ ಸೊಲ್ಲಾಪುರದ ದಲಾಲ ತನ್ನ ಬಡ್ಡಿ ಇಳಿಸಿದ ದಿನ ನಾನೂ ಇಳಿಸುತ್ತೇನೆ. ಹೀಗೆ ಬಂದ ಮಗ್ಗಗಳು ನನ್ನ ಅಟ್ಟದ ತುಂಬ ಬಿದ್ದಿವೆ. ನನಗೋ ಒಂದು ಎಳೆ ನೇಯಲು ಬಾರದು. ನನ್ನ ಹೆಂಡತಿ ರತ್ನಾಬಾಯಿ ಖಡಾಖಂಡಿತ ಹೇಳಿಬಿಟ್ಟಿದ್ದಾಳೆ: "ಮುತ್ತವ್ವ ನೇಯ್ದ ಸೀರಿ ಉಟ್ಕೊಂಡ ನಾ ಈ ಮನಿಗಿ ಬಂದೀನ್ರಿ. ಆಕಿ ಮಗ್ಗ ಈ ಅಟ್ಟ ಏರಿತಂದ್ರ ನಾ ತವರಮನಿಗಿ ಹೊಂಟೆ."

ಆದ್ದರಿಂದ ಸೋಮವಾರಕ್ಕೆ ಮುಂಚೆ ತಾವೇ ದಯಮಾಡಿಸಿ, ಆಕೆಯ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೋಡಿ, ಸಾಲ ಮಂಜೂರು ಮಾಡಿ ಎದ್ದೇಳಬೇಕು. ತಾವು ಕೊಡದಿದ್ದರೆ ನಾನು ಕೊಡುತ್ತೇನೆ. ನಾನು ಕೊಟ್ಟರೆ ಬಡ್ಡಿ ಬಿಡುವುದಿಲ್ಲ, ಬಡ್ಡಿ ಬಾರದಿದ್ದರೆ ಮಗ್ಗವನ್ನೂ ಬಿಡುವುದಿಲ್ಲ. ನನ್ನನ್ನು ನಾನು ಚೆನ್ನಾಗಿ ಬಲ್ಲೆ.

ಇಂತಿ,
ತಮ್ಮ ಕೃಪೆಯಿಂದ ಇನ್ನೂ ಅಂಗಡಿ ಮುಚ್ಚದ
ನೂಲಿನ ರಾಮಲಿಂಗಪ್ಪ, ಬನಹಟ್ಟಿ