ಕಾಗೆ ಎಂಜಲಿನ ಅರ್ಧ

ಬಾಳೂರು, ಆಗಸ್ಟ್ ೧೯೯೭

ಪುಟ್ಟೀ,

ಚಾಕಲೇಟಿನ ಮರ ನೋಡಿದೆ ಕಣೇ! ಇಲ್ಲಿ ತೋಟದಲ್ಲಿ ಕೋಕೋ ಕಾಯಿ ಹಲಸಿನ ಹಾಗೆ ಬೊಡ್ಡೆಗೇ ಅಂಟಿಕೊಂಡು ಬಿಡುತ್ತದೆ. ಆಸೆಯಿಂದ ಬೀಜ ಕಚ್ಚಿದರೆ ಬೇವಿಗಿಂತ ಕಹಿ. ನನ್ನ ಮುಖ ನೋಡಿ ನಿನ್ನ ಭಾವ ಮೂಡಿಗೆರೆಯಿಂದ ನಿಜವಾದ ಚಾಕಲೇಟನ್ನೇ ತಂದುಕೊಟ್ಟರು. ನಾವಿಬ್ಬರೂ ಲಂಗದಲ್ಲಿ ಸುತ್ತಿ ಕಚ್ಚುತ್ತಿದ್ದೆವಲ್ಲ, ಅದೇ ಅಭ್ಯಾಸ. ಸೆರಗಿನಲ್ಲಿ ಸುತ್ತಿ ಕಾಗೆ ಎಂಜಲು ಮಾಡಿ ಎರಡು ತುಂಡು ಮಾಡಿಬಿಟ್ಟೆ. ಅತ್ತೆ ನಕ್ಕರು: “ಅದು ಇಡೀ ನಿಂದೇ ಮಾರಾಯ್ತಿ, ಯಾರಿಗೆ ಪಾಲು ಮಾಡ್ತಿದೀಯ?”

ನಿನ್ನ ಅರ್ಧವನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ನನ್ನ ನೆಗಡಿ ವಾಸಿಯಾಯಿತೆಂದು ಅಮ್ಮನಿಗೆ ಹೇಳು. ಬಸ್ಸಿನ ಹಾರ್ನ್ ಕೇಳಿಸಿತು, ಕಾರ್ಡನ್ನು ಕಂಡಕ್ಟರ್ ಕೈಗೆ ಕೊಡಬೇಕು. ಇರುವೆಗಳಿಗೆ ಗೊತ್ತಾಗುವ ಮೊದಲು ಬಾರೇ.

ಅಕ್ಕ